ಹುಡುಕಿದ ಪದ ಸಿಗಲಿಲ್ಲ

ಕರೆಂಟು ಹೋಗಬಹುದಿತ್ತು. ಮಾರ್ಚ್ ತಿಂಗಳಲ್ಲಿ ಕಾಗವಾಡದಲ್ಲಿ ಕರೆಂಟು ಇದ್ದರೆ ಸುದ್ದಿ, ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಫ್ಲಾಪಿ ಬಿಸಿಲಿಗೆ ಬಾಗಬಹುದಿತ್ತು. ಒಂದು ಬಾಗಿದರೂ ಇನ್ನೊಂದು ಇರಲಿ ಎಂದು ಶಾಲೆಯ ಪ್ರಸ್ತಾವನೆಯನ್ನು ಎರಡನೆಯದರಲ್ಲಿಯೂ ಇಳಿಸಿ ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ; ಅದಕ್ಕೆ ಕೆಳಗಿನ ಖಾನೆಯ ಬದನೆಕಾಯಿ ಪಲ್ಯದ ಎಣ್ಣೆ ಹತ್ತಬಹುದಿತ್ತು. ಪ್ರಿಂಟರಿನ ರಿಬ್ಬನ್ ನಡುವೆಯೇ ಒಣಗಿ, ಅರ್ಧ ಊರಿನ ಹಿರಿಯರ ಹೆಸರು ಕಪ್ಪಗೆ, ಇನ್ನರ್ಧ ಬೂದಿ ಬಣ್ಣದಲ್ಲಿ ಮೂಡಿ ಜಗಳವಾಗಬಹುದಿತ್ತು. ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ರಾಯಬಾಗ ದಾಟುವಷ್ಟರಲ್ಲಿ ಕಚೇರಿ ಮುಚ್ಚಬಹುದಿತ್ತು. ಚಿಕ್ಕೋಡಿಯಲ್ಲಿ ಕಾಗದ ತೆಗೆದುಕೊಳ್ಳುವವರು ಅಂದೇ ರಜೆ ಹಾಕಿರಬಹುದಿತ್ತು. ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುವ ನಾನು, ಬೇರೆಲ್ಲೂ ಜಾಗ ಸಿಗದೆ ಆ ಪ್ರಸ್ತಾವನೆಯ ಮೇಲೆಯೇ ವಾಂತಿ ಮಾಡಿಕೊಳ್ಳಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ಸಣ್ಣದು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಆದರೂ ಅದೊಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಈಚೆಗೆ ಒಂದು ದಿನ ಮಿರಜಿಗೆ ಹೋಗುವಾಗ ಕಾಗವಾಡದಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಒಣದ್ರಾಕ್ಷಿ ಶೆಡ್ಡುಗಳ ಹುಳಿ ಬೆರೆತ ಸಿಹಿ ವಾಸನೆ ಬಂತು. ಅದರ ಹಿಂದೆಯೇ ಹೊಸ ಪ್ಲಾಸ್ಟಿಕ್ಕು ಬಿಸಿಯಾದ ವಾಸನೆಯೂ ಬಂದಂತಾಯಿತು. ಎರಡನೆಯದು ಬಂದಿರಲು ಸಾಧ್ಯವಿಲ್ಲ. ನಾನು ಕೆಲಸಕ್ಕಿದ್ದ ಆ ಕಂಪ್ಯೂಟರ್ ಅಂಗಡಿ ಹೋಗಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಆದರೆ ನನ್ನ ಮೂಗಿಗೆ ಆ ಎರಡು ವಾಸನೆಗಳನ್ನು ಬೇರೆ ಮಾಡಲು ಇನ್ನೂ ಬರುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಟೈಪಿಂಗ್ ಪರೀಕ್ಷೆಗಳನ್ನು ಪಾಸು ಮಾಡಿ, ಮಿರಜಿನಲ್ಲಿ ಕಂಪ್ಯೂಟರ್ ಕಲಿತು, ಕಾಗವಾಡದ ಬಸ್‌ಸ್ಟ್ಯಾಂಡಿನ ಎದುರಿನ ಸುಭಾಷಣ್ಣನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸುಭಾಷಣ್ಣನಿಗೆ ದ್ರಾಕ್ಷಿ ತೋಟವಿತ್ತು. ಒಂದು ವರ್ಷ ಬೆಳೆ ಚೆನ್ನಾಗಿ ಬಂದಾಗ, ಉಳಿದವರೆಲ್ಲ ಜೀಪು ಕೊಂಡರೆ ಅವನು ಕಂಪ್ಯೂಟರ್ ಕೊಂಡ. ಅದನ್ನು ಹೇಗೆ ನಡೆಸುವುದೆಂದು ಅವನಿಗೆ ಗೊತ್ತಿರಲಿಲ್ಲ. ಹೇಗೆ ಪೂಜೆ ಮಾಡುವುದೆಂದು ಗೊತ್ತಿತ್ತು. ಅಮಾವಾಸ್ಯೆಗೊಮ್ಮೆ ಮಾನಿಟರಿನ ನೆತ್ತಿಯ ಮೇಲೆ ಲಿಂಬೆಹಣ್ಣು ಹೆಚ್ಚಿಡುತ್ತಿದ್ದ. ಅದರ ರಸ ಒಳಗೆ ಇಳಿದೀತೆಂದು ನಾನು ಅವನು ಆಚೆ ಹೋದೊಡನೆ ತೆಗೆದು ಕೆಳಗಿಡುತ್ತಿದ್ದೆ. ಲಿಂಬೆಹಣ್ಣು ತೆಗೆದದ್ದಕ್ಕೇ ಏನಾದರೂ ಆದೀತೆಂದು ಮತ್ತೆ ಮೇಲಿಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಭಾರತಿ ಅಕ್ಕೋರು ಬಂದರು. ಹೊಳೆ ದಂಡೆಯ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಗೆ ಕಲಿಸುತ್ತಿದ್ದರು. ಆ ಊರಿನ ಹೆಸರು ಬೇಡ. ಅಲ್ಲಿಯವರು ಈಗಲೂ ಇದ್ದಾರೆ, ಓದುತ್ತಾರೆ, ಫೋನ್ ಮಾಡುತ್ತಾರೆ. ನಿಪ್ಪಾಣಿ ಕಡೆಯ ಹೆಣ್ಣುಮಗಳು, ಮಾತು ಮೆತ್ತಗೆ, ನಡಿಗೆ ಮಾತ್ರ ಬಸ್ಸು ತಪ್ಪಿಸಿಕೊಂಡವರ ಹಾಗೆ. ಅವರ ಕೈಯಲ್ಲಿ ಬರೆದು ತಂದ ಹಾಳೆಗಳಿದ್ದವು. ಊರಿಗೆ ಒಂದು ಕನ್ಯಾ ಪ್ರೌಢಶಾಲೆ ಬೇಕೆಂದು ಸರಕಾರಕ್ಕೆ ಸಲ್ಲಿಸುವ ಪ್ರಸ್ತಾವನೆ. ಮಾರ್ಚ್ ಮುಗಿಯುವುದರೊಳಗೆ ಚಿಕ್ಕೋಡಿಗೆ ಮುಟ್ಟಿಸಬೇಕು. ಮುಟ್ಟಿದರೆ ಜೂನಿನಲ್ಲಿ ಎಂಟನೆಯ ತರಗತಿ.

"ಮುಟ್ಟಲಿಲ್ಲಂದ್ರ?" ಎಂದು ಕೇಳಿದೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಮುಟ್ಟಲಿಲ್ಲಂದ್ರ ಈ ವರ್ಷದ ನನ್ನ ಹುಡುಗ್ಯಾರೂ ಹ್ವಾದ ವರ್ಷದಾವ್ರಂಗ ಹೋಗ್ತಾರ," ಎಂದರು.

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹಾಳೆಗಳಲ್ಲಿತ್ತು. ಮೊದಲ ಪುಟದಲ್ಲೇ, ಏಳನೆಯ ತರಗತಿ ಮುಗಿಸಿದ ಹುಡುಗಿಯರ ಹೆಸರು, ಮುಂದೆ ಅವರು ಈಗ ಎಲ್ಲಿದ್ದಾರೆ ಎನ್ನುವುದು. ಪ್ರೌಢಶಾಲೆಯಿರುವ ಊರಿಂದ ಸಂಜೆಯ ಬಸ್ಸು ಅವರನ್ನು ಫಾಟಾದಲ್ಲಿ, ಊರಿನ ದಾರಿ ಕವಲೊಡೆಯುವಲ್ಲಿ, ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಆಳೆತ್ತರದ ಕಬ್ಬಿನ ನಡುವೆ ನಡೆಯಬೇಕು. ಆದ್ದರಿಂದ ತಾಯಂದಿರು ಕಳಿಸುವುದಿಲ್ಲ. ಕಳಿಸದ ಮೇಲೆ ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಬರೆದಿದ್ದರು. ಅಲಂಕಾರವಿಲ್ಲದ ಕನ್ನಡ. ಒಂದೇ ಪಟ್ಟಿಗೆ ಕೂತು ಟೈಪು ಮಾಡಿ ಮುಗಿಸಿದೆ. ಮುಗಿಸಿ, ಉಳಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಉಳಿಸಿದೆ.

ಕೆಲಸ ಅಲ್ಲಿಗೇ ಮುಗಿಯಬೇಕಿತ್ತು.

ಆ ಊರಿನಲ್ಲಿ ಒಂದು ರಿವಾಜಿತ್ತು. ಊರ ಹೆಸರಿನಲ್ಲಿ ಸರಕಾರಕ್ಕೆ ಯಾವ ಕಾಗದ ಹೋದರೂ ಅದನ್ನು ಹಿರಿಯರ ಮುಂದೆ ಜೋರಾಗಿ ಓದಬೇಕು. ಓದುವಾಗ ಕೂತಿದ್ದ ಪ್ರತಿಯೊಬ್ಬರೂ ಒಂದಾದರೂ ತಿದ್ದುಪಡಿ ಹೇಳಬೇಕು. ಏನೂ ಹೇಳದೆ ಎದ್ದರೆ, ಕೇಳುವ ಯೋಗ್ಯತೆಯೇ ಇರದವನನ್ನು ಕರೆದು ಕೂರಿಸಿದ್ದರು ಎಂದಂತೆ. ಟೈಪ್‌ರೈಟರ್ ಕಾಲದಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಒಂದು ಪದ ತಿದ್ದಿದರೆ ಇಡೀ ಪುಟ ಮತ್ತೆ ಹೊಡೆಯಬೇಕು. ಟೈಪಿಸ್ಟ್ ಮುಖ ಕೆಂಪಗೆ ಮಾಡುತ್ತಿದ್ದ. ಹಿರಿಯರು ಪೂರ್ಣವಿರಾಮವೊಂದನ್ನು ದಪ್ಪ ಮಾಡಿಸಿ ಸಮಾಧಾನಪಟ್ಟು ಏಳುತ್ತಿದ್ದರು.

ಈ ಸಲ ಸುಭಾಷಣ್ಣ ಅವರಿಗೆ ಹೇಳಿಬಿಟ್ಟಿದ್ದ: "ಕಂಪ್ಯೂಟರ್‌ದಾಗ ಎಷ್ಟ ಸಲಾ ತಿದ್ದಿದ್ರೂ ಕಾಗದ ಹಾಳಾಗೂದಿಲ್ರಿ. ಯಾವಾಗ ಬೇಕಾದ್ರೂ ಬರ್ರಿ."

ಬಂದರು. ಭಾರತಿ ಅಕ್ಕೋರು ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿದ್ದರು. ಹಿರಿಯರು ಮೋಟರ್‌ಸೈಕಲ್ಲಿನ ಮೇಲೆ, ಹಾಲಿನ ಟೆಂಪೋದಲ್ಲಿ, ದಿನ ಬಿಟ್ಟು ದಿನ ಬಂದರು.

ಮೊದಲಿಗರು ಅಪ್ಪಾಸಾಹೇಬ ಗೌಡರು. ಶಾಲೆಗೆ ಜಾಗ ಕೊಡುವವರು ಅವರು. ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡಿದರು. ನಮ್ಮಪ್ಪ ಬಸ್ ಕಂಡಕ್ಟರ್. ನಮ್ಮ ಮನೆಯ ನಡುಗೋಡೆಯ ಮೇಲೆ ಬುದ್ಧನ ಫೋಟೊ. ಗೌಡರಂಥವರು ನಿಂತು, ನಾನು ಕೂತು, "ಇಲ್ಲೆ ತಿದ್ದವಾ" ಎನ್ನಿಸಿಕೊಂಡೆನೆಂದು ಹೇಳಿದ ದಿನ ಅಪ್ಪ ಊಟ ನಿಲ್ಲಿಸಿ ನನ್ನ ಮುಖ ನೋಡಿದ್ದ. "ಕುರ್ಚೇನ ಕೊಡಲಿಲ್ಲಲಾ?" ಎಂದ. "ಕೊಟ್ರ ನಾ ಎಲ್ಲಿ ಕುಂತ ಟೈಪ್ ಮಾಡಲಿ?" ಎಂದೆ. ಅಪ್ಪ ನಕ್ಕ. ಆದರೂ ಮರುದಿನದಿಂದ ಗೌಡರು ಬಂದಾಗಲೆಲ್ಲ ನಾನು ಎದ್ದು ನಿಲ್ಲಬೇಕೋ ಬೇಡವೋ ಎಂದು ಚಿಂತಿಸುತ್ತ, ಅರ್ಧ ಎದ್ದ ಭಂಗಿಯಲ್ಲೇ ಟೈಪು ಮಾಡುತ್ತಿದ್ದೆ.

ಮೊದಲ ಆಘಾತ ಗೌಡರಿಗೇ ಆಯಿತು. ಪ್ರಸ್ತಾವನೆಯ ಜೊತೆಗೆ ಬೆಂಗಳೂರಿನ ಮೇಲಿನವರಿಗೆ ಒಂದು ಇಂಗ್ಲಿಷ್ ಪತ್ರವಿತ್ತು. ಕನ್ನಡವನ್ನು ತಪ್ಪೋ ಸರಿಯೋ ಹೇಳಲು ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ, ತನಗೆ ಗೊತ್ತಿಲ್ಲದ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು.

"ನನ್ನ ಹೆಸರಿನ ಬುಡಕ ಕೆಂಪ ಗೆರಿ ಯಾಕ?"

"ಮಷೀನ್‌ಗೆ ಆ ಹೆಸರ ಗೊತ್ತಿಲ್ರಿ, ಗೌಡ್ರ."

"ನನ್ನ ಹೆಸರ ಗೊತ್ತಿಲ್ಲ?" ಗೌಡರು ಸುಭಾಷಣ್ಣನ ಕಡೆ ತಿರುಗಿದರು. "ಉಗಾರದಿಂದ ಹಿಡದ ಐಗಳಿ ತನಕ ಯಾರನ್ನರ ಕೇಳು. ನನ್ನ ಹೆಸರ ಗೊತ್ತಿಲ್ಲದ್ದು ಇದೊಂದ ನೋಡಪಾ!"

ಅಷ್ಟರಲ್ಲಿ ಅವರ ಕಣ್ಣು ಪುಟದ ತಳಕ್ಕೆ ಇಳಿಯಿತು. ಪತ್ರ ಬರುವ ವಿಳಾಸಕ್ಕೆಂದು ಅಂಗಡಿಯ ಹೆಸರು, ಸುಭಾಷಣ್ಣನ ಹೆಸರು ಹಾಕಿದ್ದೆವು. ಅದರ ಕೆಳಗೆ ಗೆರೆ ಇರಲಿಲ್ಲ. ದ್ರಾಕ್ಷಿ ಪೆಟ್ಟಿಗೆಗಳ ಲೇಬಲ್ ಮಾಡುವಾಗ ಕಿರಿಕಿರಿಯಾಗಿ ನಾನೇ ಅವನ ಹೆಸರನ್ನು ಯಂತ್ರದ ಪದಕೋಶಕ್ಕೆ ಸೇರಿಸಿದ್ದೆ.

"ದ್ರಾಕ್ಷಿ ಮಾರಾವನ ಹೆಸರ ಗೊತ್ತೈತಿ, ಕಬ್ಬ ಬೆಳ್ಯಾವಂದು ಗೊತ್ತಿಲ್ಲ!"

ಗೌಡರ ಹೆಸರು ಸೇರಿಸಿದೆ. ಗೆರೆ ಮಾಯವಾಯಿತು. "ಈಗ ಗೊತ್ತಾತ?" ಎಂದರು. "ಗೊತ್ತಾತ್ರಿ," ಎಂದೆ. ಸುದ್ದಿ ಊರಿಗೆ ಮುಟ್ಟಿತು. ಆ ವಾರವೆಲ್ಲ ಒಬ್ಬೊಬ್ಬರೇ ಬಂದು ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸೇರಿಸಿ, ಗೆರೆ ಹೋಗುವುದನ್ನು ಕಣ್ಣಾರೆ ಕಂಡು, ಚಹಾ ಕುಡಿದು ಹೋದರು. ಆ ಯಂತ್ರಕ್ಕೆ ಎಷ್ಟೋ ಇಂಗ್ಲಿಷ್ ಪದ ಗೊತ್ತಿರಲಿಲ್ಲ. ಆದರೆ ಒಂದು ಇಡೀ ಊರಿನ ಗಂಡಸರು ಗೊತ್ತಿದ್ದರು.

ಅದು ನಗುವ ಮಾತು. ಪ್ರಸ್ತಾವನೆಗೆ ಕೈ ಹಾಕಿದ ಮೇಲೆ ನಗು ಕಡಿಮೆಯಾಯಿತು. ಗೌಡರು ಕಬ್ಬಿನ ಸಾಲು ಓದಿಸಿ ಕೇಳಿ ಹುಬ್ಬು ಗಂಟಿಕ್ಕಿದರು. "ಫಾಟಾದಿಂದ ಊರ ತನಾ ಕಬ್ಬ ಯಾರದು? ನಂದು. ನನ್ನ ಕಬ್ಬಿನ್ಯಾಗ ಏನ್ ಹುಲಿ ಐತೇನ? ಸಾಹೇಬ್ರು ಓದಿದ್ರ ಏನ್ ತಿಳ್ಕೋತಾರ? ತಗಿ ಅದನ." ತೆಗೆದೆ. ಆ ಜಾಗದಲ್ಲಿ, ದಾನಶೂರರಾದ ಅವರ ತೀರ್ಥರೂಪರು ಊರಿಗೆ ಮೊದಲ ಏತ ನೀರಾವರಿ ತಂದ ವಿಷಯ ಬಂತು.

ಆಮೇಲೆ ಭೂಪಾಲ ಮಾಸ್ತರು. ನಿವೃತ್ತರು, ಪ್ರಸ್ತಾವನೆಯನ್ನು ಹಿರಿಯರ ಮುಂದೆ ಓದುವ ಹಕ್ಕು ಅವರದು. "ಹುಡುಗಿ ಹುಡುಗಿ ಅಂತ ಏನಿದು, ಬಾವಿ ಕಟ್ಟಿ ಮ್ಯಾಲಿನ ಮಾತು? ಸರಕಾರಿ ಕಾಗದಕ್ಕ ತೂಕ ಬೇಕು. ಎಲ್ಲಾ ಕಡೆ ಒಮ್ಮೆಲೇ ಬದಲ ಮಾಡಾಕ ಬರತೈತಂತಲ್ಲ?" ಬರುತ್ತಿತ್ತು. ಅವರಿಗೆ ಅದನ್ನು ಹೇಳಿದವನು ಸುಭಾಷಣ್ಣ. ಗುಂಡಿ ಒತ್ತಿದೆ; ಕಣ್ಣು ಮಿಟುಕಿಸುವುದರೊಳಗೆ ಹುಡುಗಿಯರೆಲ್ಲ ಬಾಲಕಿಯರಾದರು. ಮಾಸ್ತರರ ಮುಖ ಮಗುವಿನದಾಯಿತು. "ಅಬ್ಬಾ! ಇನ್ನೊಮ್ಮೆ ಮಾಡ ನೋಡೂಣು," ಎಂದು, ಬಾಲಕಿಯರನ್ನು 'ಗ್ರಾಮೀಣ ವಿದ್ಯಾರ್ಥಿ ಸಮುದಾಯ' ಮಾಡಿಸಿದರು.

ಹೆಸರುಗಳಿದ್ದ ಮೊದಲ ಪುಟವನ್ನು ಯಾರು ತೆಗೆಸಿದರೆಂದು ಒಬ್ಬರತ್ತ ಬೆರಳು ತೋರಿಸಲಾರೆ. ಒಬ್ಬರು "ಮರ್ಯಾದಸ್ತರ ಮನಿ ಹೆಣಮಕ್ಕಳ ಹೆಸರ ಕಚೇರ್ಯಾಗ ಯಾಕ ಅಡ್ಡಾಡಬೇಕು?" ಎಂದು ಅದನ್ನು ಹಿಂದಿನ ಪುಟಕ್ಕೆ ಕಳಿಸಿದರು. ಇನ್ನೊಬ್ಬರು ಅದನ್ನು ಕುಗ್ಗಿಸಿದರು. ಪುಟಗಳು ಇಂತಿಷ್ಟೇ ಇರಬೇಕೆಂದು ಕಚೇರಿಯ ನಿಯಮವಿತ್ತು. ಬಂದವರೆಲ್ಲ ತಮ್ಮ ಮನೆತನದ ಒಂದೊಂದು ಸಂಗತಿ ಸೇರಿಸುತ್ತಿದ್ದರು. ಸೇರಿಸಿದಾಗ ಪುಟ ಮೀರುತ್ತಿತ್ತು. ಮೀರಿದಾಗ ಏನಾದರೂ ತೆಗೆಯಬೇಕಿತ್ತು. ಒಬ್ಬರು ಹಾಕಿಸಿದ್ದನ್ನು ಇನ್ನೊಬ್ಬರು ತೆಗೆಸಿದರೆ ಜಗಳ. ಹೀಗಾಗಿ, ಅಲ್ಲಿ ನಿಂತವರಲ್ಲಿ ಯಾರದ್ದೂ ಅಲ್ಲದ ಸಾಲುಗಳೇ ದಿನಕ್ಕಿಷ್ಟು ಹೋಗುತ್ತಿದ್ದವು. ನಾನು ಅಲ್ಪವಿರಾಮ, ಅಂಚು, ಪುಟದ ಅಂಕಿ ನೋಡುತ್ತಿದ್ದೆ. ಕೆಲಸ ಚೊಕ್ಕವಾಗುತ್ತ ನಡೆದಿದೆ ಎಂದೇ ತಿಳಿದಿದ್ದೆ. ನೋಡಲು ನಿಜಕ್ಕೂ ಚೊಕ್ಕವಾಗುತ್ತ ನಡೆದಿತ್ತು.

ಸಲ್ಲಿಸುವ ಹಿಂದಿನ ದಿನ ಬೆಳಿಗ್ಗೆ ಹಿರಿಯರು ಕೊನೆಯ ಓದಿಗೆ, ಸಹಿಗೆ ಬರುವವರಿದ್ದರು. ಭಾರತಿ ಅಕ್ಕೋರು ಅವರಿಗಿಂತ ಮೊದಲೇ ಬಂದರು. ಬಿಸಿಲು ಆಗಲೇ ಹೊಸ್ತಿಲು ದಾಟಿತ್ತು. ಪರೀಕ್ಷೆ ಮುಗಿದ ನಿರಾಳ ಅವರ ಮುಖದ ಮೇಲಿತ್ತು.

"ಭಾಳ ತಿದ್ಯಾರೇನ?" ಎಂದರು.

"ಭಾಳ ಚಂದ ಆಗೇತ್ರಿ," ಎಂದೆ.

"ಎಲ್ಲಾ ಓದಾಕ ಹೊತ್ತಿಲ್ಲ. ಹುಡುಗ್ಯಾರು ಕಬ್ಬಿನ್ಯಾಗ ನಡದ ಬರೂದು ಬರದಿದ್ನಲ್ಲಾ, ಅದೊಂದ ತೋರಸು."

ಪುಟ ಸರಿಸುತ್ತ ಹೋಗುವ ಬದಲು ಹುಡುಕುವ ಚೌಕ ತೆರೆದು 'ಹುಡುಗಿ' ಎಂದು ಟೈಪು ಮಾಡಿದೆ. ಯಂತ್ರ ಟುಂಯ್ ಎಂದಿತು. ಹುಡುಕಿದ ಪದ ಸಿಗಲಿಲ್ಲ ಎಂಬ ಇಂಗ್ಲಿಷ್ ಸಂದೇಶ ಬಂತು.

ಟೈಪಿಂಗ್ ತಪ್ಪಿರಬೇಕೆಂದು ಮತ್ತೆ ಹೊಡೆದೆ. ಟುಂಯ್. ಮಾಸ್ತರರ ನೆನಪಾಗಿ 'ಬಾಲಕಿ' ಹುಡುಕಿದೆ. ಟುಂಯ್. 'ಹೆಣ್ಣು'. ಟುಂಯ್. 'ಮಗಳು'. ಟುಂಯ್. 'ತಾಯಿ' ಎಂದು ಹುಡುಕಿದಾಗ ಒಂದು ಸಿಕ್ಕಿತು: ಗೌಡರ ಸ್ವರ್ಗವಾಸಿ ತಾಯಿ. 'ಕನ್ಯಾ' ಒಂದೇ ಒಂದು ಸಲ, ತಲೆಬರಹದಲ್ಲಿ.

ಕರೆಂಟು, ರಿಬ್ಬನ್, ಫ್ಲಾಪಿ ಎಂದು ಹಗಲಿರುಳು ಹೆದರಿದ್ದೆ. ಒಂದಕ್ಷರವೂ ಅಳಿಯದ ಹಾಗೆ ಕಾದಿದ್ದೆ. ಕಾಯುತ್ತ ಕೂತಿದ್ದಾಗಲೇ, ನನ್ನ ಕೈಯಿಂದಲೇ, ಹುಡುಗಿಯರ ಶಾಲೆಯ ಪ್ರಸ್ತಾವನೆಯಿಂದ ಹುಡುಗಿಯರೆಲ್ಲ ಎದ್ದು ಹೋಗಿದ್ದರು. ತಿರುಗಿ ನೋಡಿದೆ. ಭಾರತಿ ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದರು. ಬೈಯುತ್ತಾರೆಂದುಕೊಂಡೆ.

"ಮೊದಲಿಂದು ಉಳದೈತೇನ?" ಎಂದರು.

ಉಳಿದಿತ್ತು. ನನ್ನ ಚಿಂತೆಗೆ ಜೀವಮಾನದಲ್ಲಿ ಸಿಕ್ಕ ಒಂದೇ ಮರ್ಯಾದೆ ಅದು: ಪ್ರತಿ ದಿನದ ಕೆಲಸವನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಿದ್ದೆ. "ಅದನ್ನ ಪ್ರಿಂಟ್ ಕೊಟ್ಟಬಿಡ್ಲೇನ್ರಿ? ಯಾರ ನೋಡ್ತಾರ?" ಎಂದು ಪಿಸುಗುಟ್ಟಿದೆ.

"ಸಹಿ ಅವ್ರದು. ಜಾಗಾ ಅವ್ರದು. ಕದ್ದ ತಂದ ಶಾಲಿ ಎಷ್ಟ ದಿನಾ ನಡೀತೈತಿ? ನೀ ಗಾಬರಿ ಆಗಬ್ಯಾಡ. ಆಗೂದಿದ್ರ ಸಾವಕಾಶ ಆಗು," ಎಂದರು.

ಹಿರಿಯರು ಬಂದು ಬೆಂಚಿನ ಮೇಲೆ ಕೂತರು. ನಡುವೆ ಗೌಡರು. ಒಂದು ಬದಿಗೆ ಮಾಸ್ತರು, ಇನ್ನೊಂದು ಬದಿಗೆ ಧರೆಪ್ಪ ಕಾಕಾ. ಈ ಧರೆಪ್ಪ ಕಾಕಾ ಎಂದರೆ ಮೃದು ಮನುಷ್ಯ. ಬಂದಾಗಲೆಲ್ಲ ನನಗೆಂದು ರುಮಾಲಿನಲ್ಲಿ ಕಟ್ಟಿಕೊಂಡು ಬೆಲ್ಲವೋ ಹಸಿ ಶೇಂಗಾವೋ ತರುತ್ತಿದ್ದರು. ತಮ್ಮ ತಂದೆ ಊರಿಗೆ ಅರವಟ್ಟಿಗೆ ಇಟ್ಟ ಸಂಗತಿಯನ್ನು ಬಹಳ ಸಂಕೋಚದಿಂದ ಸೇರಿಸಿದವರು ಅವರು.

ಮಾಸ್ತರು ಏರುದನಿಯಲ್ಲಿ ಓದಿ ಮುಗಿಸಿದರು. ಎಲ್ಲರೂ ತಲೆದೂಗಿದರು. ರಿವಾಜಿನಂತೆ ಗೌಡರು ಕೇಳಿದರು: "ಮತ್ತ ಯಾರದರ ತಿದ್ದೂದು ಐತೇನ?"

"ನಂದೊಂದ ಐತ್ರಿ," ಎಂದರು ಭಾರತಿ ಅಕ್ಕೋರು.

"ನೀವ ಬರದಾವ್ರು ಅಕ್ಕೋರ. ನಿಮ್ಮದೇನ ತಿದ್ದೂದು?"

"ಬರದಾಕಿ ಖರೆ. ಓದುವಾಗ ಕುಂತಾವ್ರಿಗೆಲ್ಲಾ ಒಂದೊಂದು ಅಂತ ರಿವಾಜ ಐತಲ್ರಿ? ನಾನೂ ಕುಂತೇನಿ."

ಗೌಡರು ಮಾಸ್ತರರ ಮುಖ ನೋಡಿದರು. ಮಾಸ್ತರು ಕನ್ನಡಕ ತೆಗೆದು ಒರೆಸಿ, "ಹೆಂಗಸರು ಹೇಳಬಾರದು ಅಂತ ಏನಿಲ್ಲ. ಕುಂದ್ರಸೇ ಇಲ್ಲ ನಾವು ಇಲ್ಲೀತನಾ," ಎಂದರು.

"ಸುಜಾತಾ," ಎಂದು ಅಕ್ಕೋರು ನನ್ನತ್ತ ತಿರುಗಿದರು, "ಹುಡುಗಿ ಅಂತ ಹುಡುಕವಾ."

ಹುಡುಕಿದೆ. ಟುಂಯ್.

"ಏನಂತೈತಿ ಅದು?" ಎಂದರು ಗೌಡರು.

"ಇಲ್ಲಂತೈತ್ರಿ."

"ಬಾಲಕಿ?" ಟುಂಯ್. "ಮಗಳು?" ಟುಂಯ್. ಪ್ರತಿ ಟುಂಯ್‌ಗೂ ಮಾಸ್ತರರ ಕುತ್ತಿಗೆ ಒಂದಿಷ್ಟು ಒಳಗೆ ಹೋಗುತ್ತಿತ್ತು.

"ಮಷೀನ್ ಕೆಟ್ಟೈತಿ," ಎಂದರು ಗೌಡರು.

"ಹಂಗಾದ್ರ ದಾನಶೂರ ಅಂತ ಹುಡುಕು," ಎಂದರು ಅಕ್ಕೋರು ನನಗೆ.

ಕೆಟ್ಟಿರಲಿಲ್ಲ. ದಾನಶೂರರು ಮೊದಲ ಪುಟದಲ್ಲೇ ಸಿಕ್ಕರು. ಮುಂದೆ ಎಂದು ಒತ್ತಿದೆ, ಮತ್ತೆ ಸಿಕ್ಕರು. ಒತ್ತುತ್ತ ಹೋದಂತೆ ದಾನಶೂರರು ಪುಟದಿಂದ ಪುಟಕ್ಕೆ ಜಿಗಿಯುತ್ತ ಹೋದರು. ಸುಭಾಷಣ್ಣ ಬಾಗಿಲಿನ ಕಡೆ ಮುಖ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು. ಬೆಂಚಿನ ಮೇಲೆ ಯಾರೂ ನಗಲಿಲ್ಲ.

ಭಾರತಿ ಅಕ್ಕೋರು ಕೈಯಲ್ಲಿ ಏನೂ ಹಿಡಿಯದೆ ಹೇಳತೊಡಗಿದರು. "ಮಾದೇವಿ. ಗಣಿತದಾಗ ಭಾಳ ಚುರುಕಿದ್ಲು. ಈಗ ರಾಯಬಾಗದ ಕಡೆ ಅದಾಳ, ಎರಡ ಕೂಸು. ಶಾಂತಾ. ಹಾಡತಿದ್ಲು. ಮೊದಲನೇ ಬಾಣಂತನದಾಗ ಹ್ವಾದ್ಲು, ನಿಮಗೆಲ್ಲಾ ಗೊತ್ತೈತಿ. ಮಾಲನ್. ಗಂಡ ಬಿಟ್ಟಾನ, ನಿಪ್ಪಾಣ್ಯಾಗ ಬೀಡಿ ಕಟ್ಟತಾಳ." ಹೀಗೆ ಒಬ್ಬೊಬ್ಬಳನ್ನೂ ಹಾಜರಿ ಕೂಗಿದ ಹಾಗೆ. ಧ್ವನಿ ಏರಲಿಲ್ಲ. ಹೊರಗೆ ಬಸ್ಸಿನವನು ಮಿರಜ್ ಮಿರಜ್ ಎಂದು ಕೂಗುತ್ತಿದ್ದ. "ಇವ್ರು ಮೊದಲಿನಾವ್ರು. ಈ ವರ್ಷದಾವ್ರು ರೇಣುಕಾ, ಸುನಂದಾ, ಕಸ್ತೂರಿ..."

"ಕಸ್ತೂರಿ ನಮ್ಮ ಮೊಮ್ಮಗಳ," ಎಂದರು ಧರೆಪ್ಪ ಕಾಕಾ, ಪಕ್ಕದವರಿಗೆ ಹೇಳುವಂತೆ. "ಭಾಳ ಶಾಣ್ಯಾ ಅದಾಳ. ನನಗ ಪೇಪರ ಓದಿ ಹೇಳ್ತಾಳ."

"ಭಾಳ ಶಾಣ್ಯಾ ಅದಾಳ್ರಿ ಕಾಕಾ. ತರಗತ್ಯಾಗ ಮೊದಲನೇದಾಕಿ," ಎಂದರು ಅಕ್ಕೋರು. "ನನ್ನ ತಿದ್ದುಪಡಿ ಇಷ್ಟ. ಮೊದಲನೇ ಪುಟದಾಗ ಇದ್ದಾವ್ರನ್ನ ಮೊದಲನೇ ಪುಟಕ್ಕ ತಂದ ಕುಂದ್ರಸ್ರಿ. ಕಬ್ಬಿನ ದಾರಿ ಸುದ್ದಾ."

ಗೌಡರು ಗಂಟಲು ಸರಿಮಾಡಿಕೊಂಡರು. "ಪುಟ ಮೀರತಾವು. ಯಾರದ ತಗೀಬೇಕು ಹೇಳ್ರಿ?"

ಎಲ್ಲರೂ ತಮ್ಮ ತಮ್ಮ ತಂದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಂತಿತ್ತು. ಇಲ್ಲಿಗೆ ಮುಗಿಯಿತು, ಇವರು ಎದ್ದು ಹೋಗುತ್ತಾರೆ, ಸಹಿ ಇಲ್ಲ, ಶಾಲೆ ಇಲ್ಲ ಎಂದು ನಾನು ಲೆಕ್ಕ ಮುಗಿಸಿದ್ದೆ.

"ತಂಗಿ," ಎಂದರು ಧರೆಪ್ಪ ಕಾಕಾ, "ಇದರಾಗ ಅಕ್ಷರ ಸಣ್ಣ ಮಾಡಾಕ ಬರತೈತೇನ?"

"ಬರತೈತ್ರಿ."

"ಹಂಗಾದ್ರ ನಮ್ಮಪ್ಪಂದು ಸಣ್ಣ ಮಾಡು. ಸತ್ತಾವ್ಗ ಎಷ್ಟ ದೊಡ್ಡ ಅಕ್ಷರ ಬೇಕು?"

ನಾನು ಬೆರಗಾಗಿ ತಿರುಗಿಬಿಟ್ಟೆ. ಕಾಕಾ ರುಮಾಲಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಅರವಟ್ಟಿಗೆಯ ಸಾಲುಗಳನ್ನು ಅವರೆದುರಿಗೇ ಇರುವೆ ಸಾಲಿನಷ್ಟು ಮಾಡಿದೆ. ಗೌಡರು ಎದ್ದು ಬಂದು ಪರದೆಗೆ ಬಗ್ಗಿದರು.

"ನಮ್ಮದೂ ಸಣ್ಣ ಮಾಡು," ಎಂದರು ಕಡೆಗೆ. "ಧರ್ಯಾನದಕಿಂತಾ ಒಂದ ಎಳಿ ದೊಡ್ಡದ ಇರ್ಲಿ."

ಒಬ್ಬರ ಹಿಂದೆ ಒಬ್ಬರು ತಮ್ಮ ಹಿರಿಯರನ್ನು ಕುಗ್ಗಿಸಿದರು. ಮೇಲೆ ಜಾಗ ಬಿಟ್ಟಿತು. ಹುಡುಗಿಯರನ್ನು ಒಬ್ಬೊಬ್ಬಳನ್ನಾಗಿ ಹಳೆಯ ಕಡತದಿಂದ ತಂದು ಮೊದಲ ಪುಟದಲ್ಲಿ ಅಂಟಿಸಿದೆ. ಮಾಸ್ತರು ತಾವೇ ಬಗ್ಗಿ, "ಹುಡುಗಿಯರು ಅಂತನ ಇರ್ಲಿ. ಆ ಸಮುದಾಯ ತಗದಬಿಡು," ಎಂದರು. ಸಹಿಗಳಾದವು.

ಮರುದಿನ ಚಿಕ್ಕೋಡಿಗೆ ನಾವಿಬ್ಬರೇ ಹೋದೆವು. ಕರೆಂಟು ಹೋಗುವ ಮೊದಲೇ ಪ್ರಿಂಟಾಗಿತ್ತು, ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಟ್ಟವು, ನನ್ನ ಹೊಟ್ಟೆ ಕೂಡ ಆ ಒಂದು ದಿನ ದೊಡ್ಡ ಮನಸ್ಸು ಮಾಡಿತು. ಕಾಗದ ತೆಗೆದುಕೊಂಡವರು ಮೊದಲ ಪುಟ ಓದಿ, ನಿಂತೇ ಎರಡನೆಯ ಸಲ ಓದಿ, ಭಾರತಿ ಅಕ್ಕೋರನ್ನು ಕೂರಲು ಹೇಳಿದರು. ಇಷ್ಟು ಸಲೀಸಾದದ್ದು ನನಗೆ ಹಿಡಿಸಲಿಲ್ಲ. ಬರುವಾಗ ಬಸ್ಸಿನಲ್ಲಿ, 'ಏನೋ ಬಿಟ್ಟೀವ್ರಿ ಅಕ್ಕೋರ, ಏನೋ ಬಿಟ್ಟೀವಿ' ಎನ್ನುತ್ತಲೇ ಇದ್ದೆ. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ಬೇಸಿಗೆ ಏರಿತು. ದ್ರಾಕ್ಷಿ ಮುಗಿದು ಬಳ್ಳಿಗಳನ್ನು ಕತ್ತರಿಸಿದರು. ಹೊಳೆ ಒಂದು ಗೆರೆಯಾಯಿತು. ಒಂದು ದಿನ ಮಂಜೂರಾತಿಯ ಪತ್ರ ನಮ್ಮ ಅಂಗಡಿಯ ವಿಳಾಸಕ್ಕೇ ಬಂತು. ಸುಭಾಷಣ್ಣ ಅದನ್ನು ಕಂಪ್ಯೂಟರಿನ ಮುಂದೆ ಇಟ್ಟು ಕಾಯಿ ಒಡೆದ. ನೀರು ಕೀಬೋರ್ಡಿಗೆ ಸಿಡಿಯದಂತೆ ನಾನು ನನ್ನ ಓಢಣಿ ಅಡ್ಡ ಹಿಡಿದೆ. ಆ ಊರಿನಲ್ಲಿ ಹಲಗೆ ಬಡಿದರಂತೆ, ಗೌಡರು ಪೇಢೆ ಹಂಚಿದರಂತೆ. ಭಾರತಿ ಅಕ್ಕೋರು ಮನೆ ಮನೆಗೆ ಹೋಗಿ ಎಂಟನೆಯ ತರಗತಿಗೆ ಹೆಸರು ಹಚ್ಚಿಕೊಳ್ಳತೊಡಗಿದರೆಂದು ತಿಳಿಯಿತು.

ಆಮೇಲೆ ಕೆಲವೇ ದಿನಗಳಲ್ಲಿ ಧರೆಪ್ಪ ಕಾಕಾ ಬಂದರು. ಹೊಸ ರುಮಾಲು ಸುತ್ತಿದ್ದರು. ನನ್ನ ಕೈಗೆ ಪೇಢೆ ಕೊಟ್ಟು, ಬೆಂಚಿನ ಮೇಲೆ ಕೂತು, ಅಂಗಿಯ ಕಿಸೆಯಿಂದ ಮಡಚಿದ ಹಾಳೆ ತೆಗೆದರು.

"ಒಂದ ಸಣ್ಣ ಕೆಲಸ ಇತ್ತ ತಂಗಿ."

ಲಗ್ನಪತ್ರಿಕೆ. ಮೇಲೆ ಕುಲದೇವರ ಹೆಸರು, ಆಮೇಲೆ ಹಿರಿಯರ ಆಶೀರ್ವಾದ. ಟೈಪು ಮಾಡುತ್ತ ವರನ ಹೆಸರು ದಾಟಿ ಕೆಳಗಿಳಿದೆ. ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ ಕಸ್ತೂರಿ.

ಬೆರಳು ನಿಂತವು. ಬೇರೆ ಕಸ್ತೂರಿ ಇರಬಹುದೆಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬೇರೆ ಇರಲಿಲ್ಲ.

"ಕಾಕಾ," ಎಂದೆ. "ಶಾಲಿ... ಎಂಟನೇತ್ತೆ..."

"ಬಂತಲ್ಲವಾ!" ಅವರ ಮುಖ ಅರಳಿತು. "ಭಾಳ ದೊಡ್ಡ ಕೆಲಸ ಆತು ಊರಿಗೆ. ಮುಂದಿನಾವ್ರೆಲ್ಲಾ ಕಲೀತಾರ. ಇಕೀದು ದೀಪಾವಳ್ಯಾಗ ಮಾತಾಗಿತ್ತು. ನೀರಾವರಿ ಮನಿ, ಹುಡುಗನೂ ಛಲೋ. ಕೊಟ್ಟ ಮಾತ ಹೆಂಗ ತಿರಗಸೂದು?"

ಅವರ ಮುಖದಲ್ಲಿ ನಾಚಿಕೆಯಾಗಲಿ, ಮುಚ್ಚುಮರೆಯಾಗಲಿ ಏನಾದರೂ ಇದ್ದೀತೆಂದು ಹುಡುಕಿದೆ. ಅವತ್ತು ಬೆಂಚಿನ ಮೇಲೆ ಕೂತು ತಂದೆಯನ್ನು ಸಣ್ಣ ಮಾಡಿಸಿದ ಅದೇ ಮನುಷ್ಯ, ಅದೇ ಮೆತ್ತಗಿನ ಕಣ್ಣು. ಆ ಮುಂಜಾನೆ ಅಕ್ಕೋರು ಹಾಜರಿ ಕೂಗುವಾಗಲೂ ಆ ಹುಡುಗಿಯ ಲಗ್ನದ ಮಾತು ಮುಗಿದೇ ಹೋಗಿತ್ತು. ಸುಳ್ಳು ಹೇಳಿದ್ದರೆಂದೂ ಅನ್ನುವ ಹಾಗಿಲ್ಲ. ಶಾಲೆ ಊರಿನದು, ಲಗ್ನ ಮನೆಯದು. ಎರಡೂ ಒಂದೇ ಹುಡುಗಿಯ ಮೇಲೆ ಬಂದು ಬೀಳುತ್ತವೆಂದು ಅವರಿಗೆ ತೋರಿರಲೇ ಇಲ್ಲ.

"ಹಾಂ, ಕೆಳಗ ಒಂದ ಸಾಲ ಹಾಕು," ಎಂದರು ಕಾಕಾ. "ವಿಶೇಷ ಆಮಂತ್ರಿತರು, ನಮ್ಮ ಕನ್ಯಾ ಶಾಲೆಯ ಭಾರತಿ ಅಕ್ಕೋರು. ಅವ್ರನ್ನ ಮುಂದ ಕುಂದ್ರಸಬೇಕು. ಅವ್ರ ಕೈಲೇನ ಮೊದಲ ಅಕ್ಷತಾ ಹಾಕಸ್ತೇವು."

ಹಾಕಿದೆ. ಸುಭಾಷಣ್ಣ ನನ್ನ ಮುಖ ನೋಡಿ, ಚಹಾ ತರುತ್ತೇನೆಂದು ಹೊರಗೆ ಹೋದ.

"ಒಂದ ಸಲ ಪೂರಾ ಓದಿ ನೋಡವಾ," ಎಂದರು ಕಾಕಾ. "ಲಗ್ನದ ಕೆಲಸ. ತಪ್ಪೇನ ಇರಬಾರದು."

ಓದಿದೆ. ಮೇಲಿನಿಂದ ಕೆಳಗಿನವರೆಗೆ, ಒಂದೊಂದೇ ಅಕ್ಷರದ ಮೇಲೆ ಕಣ್ಣಿಟ್ಟು, ಏನಾದರೂ ಸಿಕ್ಕೀತೆಂದು ಓದಿದೆ. ತಿದ್ದುವಂಥದ್ದು ಒಂದೂ ಇರಲಿಲ್ಲ. ಪ್ರಿಂಟ್ ಕೊಟ್ಟೆ.